ವರದಿಯ ಎರಡನೇ ಹಾಳೆ

"ಈ ರಕ್ತ ನಮಗೆ ಬೇಡ."

ಲ್ಯಾಬಿನ ಕಿಟಕಿಯ ಆಚೆ ನಿಂತಿದ್ದವನು ಒಮ್ಮೆ ತನ್ನ ಕೈಯಲ್ಲಿದ್ದ ಟ್ಯೂಬನ್ನು ನೋಡಿದ, ಒಮ್ಮೆ ಈಚೆ ಕುಳಿತವಳನ್ನು ನೋಡಿದ. ನೇರಳೆ ಮುಚ್ಚಳದ ಸಣ್ಣ ಟ್ಯೂಬು. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಎರಡು ಬಸ್ಸು ಬದಲಾಯಿಸಿ ತಂದಿದ್ದ.

"ಬೇಡ ಅಂದ್ರೆ?"

"ತೆಗೆದದ್ದು ಯಾವಾಗ?"

"ಮೊನ್ನೆ ಬೆಳಿಗ್ಗೆ, ನಮ್ಮ ಕಡೆಯ ಕ್ಲಿನಿಕ್ಕಿನಲ್ಲಿ. ತಗೊಂಡು ಹೋಗೋರು ಬರಲಿಲ್ಲ ಅಂತ ನನ್ನ ಕೈಗೇ ಕೊಟ್ಟರು. ದಾರಿಯಲ್ಲಿ ಒಂದು ದಿನ ಕೆಲಸ ಇತ್ತು, ಮುಗಿಸಿಕೊಂಡು ಬಂದೆ."

"ಹಳೆಯದು ನಡೆಯಲ್ಲ. ಹೊಸದಾಗಿ ಕೊಡಿ."

ಅವನ ಮುಖ ಕೆಂಪಾಯಿತು. ತನ್ನ ನರ ಸಿಗುವುದೇ ಕಷ್ಟ, ನಾಲ್ಕು ಕಡೆ ಚುಚ್ಚಿ ತೆಗೆದ ರಕ್ತ ಇದು, ಇಷ್ಟು ಸುಲಭವಾಗಿ ಬೇಡ ಅನ್ನುವುದಕ್ಕೆ ಇದೇನು ಹಳಸಿದ ಸಾರೇ ಎಂದು ಕೇಳಿದ. ಯಂತ್ರಕ್ಕೆ ಹಾಕಿ, ಅದು ಏನು ಹೇಳುತ್ತದೋ ಹೇಳಲಿ ಎಂದ. ಹಿಂದೆ ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು.

ಅವಳಿಗೆ ಇದು ಹೊಸದಲ್ಲ. ಲ್ಯಾಬಿನಲ್ಲಿ ಅವಳಿಗೆ 'ಗಡಿಯಾರ' ಎಂದು ಹೆಸರಿಟ್ಟಿದ್ದರು. ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆ. ನಾಲ್ಕೂ ಐದಕ್ಕೆ ಬಂದ ಸ್ಯಾಂಪಲ್ಲನ್ನು ದೇವರೇ ತಂದರೂ ವಾಪಸ್ ಕಳಿಸುತ್ತಾಳೆ ಎಂದು ನಗುತ್ತಿದ್ದರು. ಆದರೆ ಇವನ ಕಣ್ಣಿನ ಕೆಳಗೆ ಸಣ್ಣ ಊತ ಇರುವುದನ್ನು ಅವಳು ನೋಡಿದ್ದಳು. ರಕ್ತದ ಕ್ಯಾನ್ಸರಿಗೆ ಕೊಡುವ ಮಾತ್ರೆ ತಿನ್ನುವವರಿಗೆ ಅದು ಬರುತ್ತದೆ.

"ಯಂತ್ರ ಹೇಳುತ್ತೆ. ಒಳ್ಳೇ ನಂಬರೇ ಹೇಳುತ್ತೆ. ಅದೇ ತೊಂದರೆ," ಎಂದಳು. "ನಾವು ಹುಡುಕೋದು ಬಹಳ ನಾಜೂಕಿನ ವಸ್ತು. ಎರಡು ದಿನಕ್ಕೆ ಅದು ಪುಡಿಯಾಗಿ ಹೋಗುತ್ತೆ. ಎಣಿಸೋಕೆ ಏನೂ ಉಳಿಯಲ್ಲ. ಇರೋ ಕಾಯಿಲೆ ಇಲ್ಲ ಅಂತ ಬರುತ್ತೆ. ನೀವು ಖುಷಿಯಾಗಿ ಮನೆಗೆ ಹೋಗ್ತೀರಿ."

ಅವನು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದ.

"ಸುಳ್ಳು ತೂಕ," ಎಂದ ಕೊನೆಗೆ, ತನಗೇ ಹೇಳಿಕೊಂಡಂತೆ. ಟ್ಯೂಬನ್ನು ಅವಳ ಮುಂದಿಟ್ಟು ಅಂಗಿಯ ತೋಳು ಮಡಚತೊಡಗಿದ.

ಅವಳು ಎದ್ದು ಒಳಗೆ ಹೋದಳು. ಒಂದು ಗ್ಲೌಸಿಗೆ ಬೆಚ್ಚಗಿನ ನೀರು ತುಂಬಿ, ಬಾಯಿ ಗಂಟು ಹಾಕಿ ತಂದು ಕೊಟ್ಟಳು. ಐದು ಬೆರಳಿನ, ಉಬ್ಬಿದ, ಬಿಸಿಯಾದ ಕೈ.

"ಹತ್ತು ನಿಮಿಷ ಹಿಡ್ಕೊಂಡು ಕೂತಿರಿ. ನರ ತಾನಾಗಿ ಮೇಲೆ ಬರುತ್ತೆ."

ಅವತ್ತು ಒಂದೇ ಸಲಕ್ಕೆ ರಕ್ತ ಬಂತು.

* * *

ಅವನ ಕೆಲಸ ತೂಕ-ಅಳತೆಯ ಇಲಾಖೆಯಲ್ಲಿ. ಮಾರುಕಟ್ಟೆಗಳ ತಕ್ಕಡಿ, ಅಂಗಡಿಗಳ ತೂಕದ ಯಂತ್ರ, ಔಷಧದಂಗಡಿಯ ಸಣ್ಣ ತ್ರಾಸು, ಎಲ್ಲವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತುವುದು. ಅವನ ಚೀಲದಲ್ಲಿ ಮಖಮಲ್ಲಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ತೂಕದ ಕಲ್ಲುಗಳು ಇರುತ್ತಿದ್ದವು. ಅವು ತಪ್ಪದ ತೂಕಗಳು. ಬೇರೆಯವೆಲ್ಲ ಅವುಗಳ ಜೊತೆ ತಾಳೆಯಾಗಬೇಕು. ಲ್ಯಾಬಿನವರು ಅವನಿಗೆ 'ತಕ್ಕಡಿ ಸಾಹೇಬರು' ಎಂದರು. ಅವನು ಅವಳನ್ನು 'ಗಡಿಯಾರದವರೇ' ಎಂದು ಕರೆಯತೊಡಗಿದ.

ಹೊಸ ರಕ್ತದ ಫಲಿತಾಂಶ ನಾಲ್ಕನೇ ದಿನ ಬಂತು. ನೂರಕ್ಕೆ 7.8. ಕಾಯಿಲೆ ಗೊತ್ತಾದ ದಿನ ಅರವತ್ತೆರಡು ಇತ್ತಂತೆ. ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ಹತ್ತರ ಕೆಳಗೆ ಬಂದರೆ ಸರಿಯಾದ ದಾರಿ.

ಏನು ಎಣಿಸುತ್ತೀರಿ ನೀವು ಎಂದು ಅವನು ಕೇಳಿದ. ಡಾಕ್ಟರು ಹೇಳಿದ್ದರು, ಆದರೆ 'ಲ್ಯುಕೇಮಿಯಾ' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದು ಯಾವುದೂ ಅವನ ತಲೆಗೆ ಇಳಿದಿರಲಿಲ್ಲ.

ಅವಳು ಪುಸ್ತಕ ಕಟ್ಟುವವರ ಉದಾಹರಣೆ ಕೊಟ್ಟಳು. ಪ್ರತಿ ಜೀವಕೋಶದಲ್ಲೂ ಒಂದು ಪುಸ್ತಕದ ಕಪಾಟಿದೆ ಅಂದುಕೊಳ್ಳಿ. ಒಂದು ಕೋಶದಲ್ಲಿ ಒಂಬತ್ತನೇ ಪುಸ್ತಕದ ಕೊನೆಯ ಹಾಳೆಗಳೂ ಇಪ್ಪತ್ತೆರಡನೆಯದರ ಕೊನೆಯ ಹಾಳೆಗಳೂ ಅದಲುಬದಲಾಗಿ ಹೊಲಿದುಹೋದವು. ಹೊಲಿಗೆ ಕೂಡಿದ ಜಾಗದಲ್ಲಿ ಯಾರೂ ಬರೆಯದ ಒಂದು ವಾಕ್ಯ ಹುಟ್ಟಿಕೊಂಡಿತು: ಬೆಳೆಯುತ್ತಲೇ ಇರು, ನಿಲ್ಲಬೇಡ. ಬಿಳಿಯ ರಕ್ತಕಣಗಳು ಅದನ್ನು ಓದಿ ಹಾಗೇ ಮಾಡುತ್ತವೆ. ಮಾತ್ರೆ ಆ ವಾಕ್ಯದ ಮೇಲೆ ಕೈ ಅಡ್ಡ ಇಡುತ್ತದೆ. ಲ್ಯಾಬಿನವರು ಆ ವಾಕ್ಯದ ನಕಲುಗಳು ರಕ್ತದಲ್ಲಿ ನೂರಕ್ಕೆ ಇನ್ನೂ ಎಷ್ಟಿವೆ ಎಂದು ಮೂರು ತಿಂಗಳಿಗೊಮ್ಮೆ ಎಣಿಸುತ್ತಾರೆ.

"ಮಾತ್ರೆ ಕೈ ತೆಗೆದರೆ?"

"ಮತ್ತೆ ಓದೋಕೆ ಶುರು ಮಾಡ್ತಾವೆ. ಅದಕ್ಕೇ ಒಂದು ದಿನವೂ ಬಿಡಬಾರದು."

ಅವನು ಬಿಡಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ತಿಂಡಿಯ ಜೊತೆ ಮಾತ್ರೆ, ದೊಡ್ಡ ಲೋಟದ ತುಂಬ ನೀರು. ಮೀನಖಂಡ ಸೆಳೆದರೆ ಎದ್ದು ಕೋಣೆಯಲ್ಲಿ ಓಡಾಡುವುದು, ಮತ್ತೆ ಮಲಗುವುದು. ಆರು ತಿಂಗಳಿಗೆ 0.8. ಒಂಬತ್ತಕ್ಕೆ 0.2.

ಈ ನಡುವೆ ಒಂದು ಸಣ್ಣ ವಿಷಯ ನಡೆಯಿತು. ಲ್ಯಾಬಿನ ಹೊರಗೆ ರೋಗಿಗಳು ಕಾಯುವ ಬೆಂಚಿನ ಒಂದು ಕಾಲು ಗಿಡ್ಡ. ಯಾರು ಕುಳಿತರೂ ಅದು ಟಕ್ಕೆಂದು ಓಲಾಡುತ್ತಿತ್ತು. ಮೊದಲೇ ಎದೆಬಡಿತದಲ್ಲಿ ಕುಳಿತವರು ಬೆಚ್ಚಿಬೀಳುತ್ತಿದ್ದರು. ವರ್ಷಗಳಿಂದ ಹಾಗೇ ಇತ್ತು. ಒಂದು ದಿನ ಅವನು ಬಂದವನೇ ನೆಲಕ್ಕೆ ಮೊಣಕಾಲೂರಿ, ಜೇಬಿನಿಂದ ರಬ್ಬರಿನ ಟೋಪಿ ತೆಗೆದು ಆ ಕಾಲಿಗೆ ತೊಡಿಸಿದ. ಮಟ್ಟ ನೋಡುವ ಕೊಳವೆಯನ್ನು ಮೇಲಿಟ್ಟು ನೋಡಿ ಎದ್ದ. ಯಾರಿಗೂ ಹೇಳಲಿಲ್ಲ. ಅವಳು ಕಿಟಕಿಯಿಂದ ನೋಡಿದಳು.

ಪ್ರೀತಿ ಯಾವ ಕ್ಷಣದಲ್ಲಿ ಶುರುವಾಯಿತು ಎಂದು ಕೇಳಿದರೆ ಅವಳು ಆ ಬೆಂಚನ್ನೇ ತೋರಿಸಿಯಾಳು.

ಹನ್ನೆರಡು ತಿಂಗಳಿಗೆ 0.08. ಒಂದು ವರ್ಷದೊಳಗೆ 0.1ರ ಕೆಳಗೆ ಬರುವುದೇ ಎಲ್ಲರ ಆಸೆ. ಅವತ್ತು ಅವನು ಅವಳನ್ನು ಎದುರಿನ ಬೇಕರಿಗೆ ಕರೆದ. ಗಾಜಿನ ಕಪಾಟಿನ ಪಕ್ಕದ ಮೇಜು, ಎರಡು ಚಹಾ, ಒಂದು ತುಂಡು ಕೇಕು. ಕೇಕನ್ನು ಎಷ್ಟು ಸರಿಯಾಗಿ ಎರಡು ಮಾಡಿದನೆಂದರೆ ಅವಳಿಗೆ ನಗು ತಡೆಯಲಾಗಲಿಲ್ಲ.

"ಮುಂದಿನ ಸಲವೂ ನಂಬರ್ ಹೀಗೇ ಬಂದರೆ ಒಂದು ಮಾತು ಕೇಳೋದಿದೆ," ಎಂದ ಅವನು, ಚಹಾದ ಲೋಟವನ್ನು ನೋಡುತ್ತ.

'ಈಗಲೇ ಕೇಳಬಾರದೇ...' ಎಂದು ಅವಳ ಮನಸ್ಸು ಹೇಳಿತು. ಬಾಯಿ ಮಾತ್ರ ಚಹಾ ಆರುತ್ತದೆ ಎಂದಿತು.

* * *

ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ನಮ್ಮವರ ಸ್ಯಾಂಪಲ್ಲನ್ನು ನಾವು ಮುಟ್ಟಬಾರದು.

ಇದನ್ನು ತಂದವರು ಹಿರಿಯ ತಂತ್ರಜ್ಞರು. ಮೂವತ್ತು ವರ್ಷ ಅದೇ ಕೋಣೆಯಲ್ಲಿ ದುಡಿದು ನಿವೃತ್ತಿಗೆ ಹತ್ತಿರವಾಗಿದ್ದವರು. ಅವರ ಮಾತು ಹೀಗಿತ್ತು: ಬೇಕಾದವರ ನಂಬರು ಕೆಟ್ಟದಾಗಿ ಬಂದರೆ ನಾವು ನಂಬದೆ ಎರಡನೇ ಸಲ ಮಾಡುತ್ತೇವೆ, ಒಳ್ಳೆಯದಾಗಿ ಬಂದರೆ ಮಾಡುವುದಿಲ್ಲ. ಆಸೆ ಇರುವ ಕಣ್ಣು ಒಂದೇ ಕಡೆಗೆ ವಾಲುತ್ತದೆ. ಅದಕ್ಕೆ ಅಂಥ ಸ್ಯಾಂಪಲ್ ಬಂದಾಗ ಒಂದು ಚೀಟಿ ತುಂಬಿ, ಟ್ಯೂಬನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು. ಚೀಟಿಯಲ್ಲಿ ಸಂಬಂಧದ ಚೌಕಗಳು: ತಂದೆ-ತಾಯಿ, ಒಡಹುಟ್ಟಿದವರು, ಗಂಡ/ಹೆಂಡತಿ, ಮಕ್ಕಳು, ಸ್ನೇಹಿತರು. ಕೊನೆಗೆ 'ಇತರೆ', ಅದರ ಮುಂದೆ ಚುಕ್ಕಿಗಳ ಸಾಲು. ಚೀಟಿಯ ಒಂದು ನಕಲನ್ನು ರೋಗಿಯ ವರದಿಯ ಎರಡನೇ ಹಾಳೆಗೆ ಅಂಟಿಸುತ್ತಾರೆ.

ಹದಿನೈದನೇ ತಿಂಗಳು ಅವನ ಟ್ಯೂಬು ಬಂದ ದಿನ ಅವಳು ಅದನ್ನು ಕೈಗೆತ್ತಿಕೊಂಡಳು. ಲೇಬಲ್ ನೋಡಿದಳು. ಕೈ ಒಂದು ಕ್ಷಣ ನಿಂತಿತು.

'ಇವರ ನಂಬರು ಕೆಟ್ಟದಾಗಿ ಬಂದರೆ ನಾನು ನಂಬುವೆನೇ?'

ಇಲ್ಲ. ಅವಳಿಗೆ ಉತ್ತರ ಗೊತ್ತಿತ್ತು. ಟ್ಯೂಬನ್ನು ಹಿರಿಯರ ಮೇಜಿನ ಮೇಲಿಟ್ಟು, ಗ್ಲೌಸ್ ತೆಗೆದು, ಕೈ ತೊಳೆದು ಬಂದು ಚೀಟಿ ತೆಗೆದಳು. ಪೆನ್ನು ಚೌಕಗಳ ಮೇಲೆ ಸುತ್ತಾಡಿತು. 'ಸ್ನೇಹಿತರು' ಎಂದು ಗುರುತು ಹಾಕಿದರೆ ಅದು ಕಡಿಮೆ ತೂಕ. ಅದಕ್ಕಿಂತ ಮೇಲಿನದಕ್ಕೆ ಹಾಕಿದರೆ ಇಲ್ಲದ ತೂಕ. ಕೊನೆಗೆ 'ಇತರೆ' ಎಂಬಲ್ಲಿ, ಚುಕ್ಕಿಗಳ ಸಾಲಿನ ಮೇಲೆ, ಮೂರು ತಿಂಗಳಿಂದ ಬಾಯಿಗೆ ಬರದಿದ್ದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದಳು.

ಹಿರಿಯರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದರ ಪ್ರತಿ ಅವರ ಕೈಗೆ ಹೋಗುತ್ತೆ. ಗೊತ್ತು ತಾನೆ?"

"ಗೊತ್ತು ಸರ್."

ಅವರು ಇನ್ನೇನೂ ಕೇಳದೆ ಸಹಿ ಹಾಕಿದರು. ಆದರೆ ಆ ಮಧ್ಯಾಹ್ನ ಅವಳ ಪಾಲಿನ ಟ್ಯೂಬುಗಳನ್ನೂ ತಾವೇ ಜೋಡಿಸಿಟ್ಟರು. ಅವಳು ಒಂದೇ ಲೇಬಲ್ಲನ್ನು ಮೂರು ಮೂರು ಸಲ ಓದುತ್ತಿದ್ದುದು ಅವರಿಗೆ ಕಂಡಿತ್ತು.

ಅವಳಿಗೆ ಕಾಣದಿದ್ದದ್ದು ಒಂದಿತ್ತು. ರಕ್ತ ಕೊಟ್ಟ ಮೇಲೆ ಅವನು ಹೊರಟಿರಲಿಲ್ಲ. ಅವತ್ತು ಬಿಸಿ ನೀರಿನ ಗ್ಲೌಸ್ ಬಂದಿರಲಿಲ್ಲ, ಯಾಕೆಂದರೆ ಕಿಟಕಿಯಲ್ಲಿ ಬೇರೆ ಯಾರೋ ಇದ್ದರು. ಅವಳನ್ನು ಒಮ್ಮೆ ನೋಡಿ ಹೋಗೋಣ ಎಂದು ಅವನು ಓಣಿಯ ಗಾಜಿನ ಬಳಿ ನಿಂತಿದ್ದ. ಅವನಿಗೆ ಕಂಡದ್ದು ಇಷ್ಟು: ಅವಳು ಅವನ ಟ್ಯೂಬಿನ ಲೇಬಲ್ ಓದಿದಳು. ತಕ್ಷಣ ಅದನ್ನು ಇನ್ನೊಬ್ಬರ ಮೇಜಿಗೆ ಸರಿಸಿದಳು. ಗ್ಲೌಸ್ ಕಿತ್ತು ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡಳು.

ಅವನು ಗಾಜಿನಿಂದ ಹಿಂದೆ ಸರಿದು ಹೊರಟ.

ರೋಗಿ ಎಂದರೆ ಒಂದು ಮಾತು, ಜೊತೆಗಾರ ಎಂದರೆ ಇನ್ನೊಂದು. ಬೇಕರಿಯಲ್ಲಿ ತಾನು ಸೂಚನೆ ಕೊಟ್ಟ ಮೇಲೆ ಅವಳು ಕೂತು ಯೋಚಿಸಿರಬೇಕು. ಬಾಯಲ್ಲಿ ಹೇಳಲು ಮನಸ್ಸು ಬಾರದೆ ದೂರ ಸರಿಯುತ್ತಿದ್ದಾಳೆ... ಹಾಗೆ ಅಂದುಕೊಂಡ. ಅವಳನ್ನು ತಪ್ಪು ಎನ್ನಲೂ ಅವನಿಗೆ ಆಗಲಿಲ್ಲ.

ವರದಿ ಬಂತು. 0.07. ಮೊದಲ ಹಾಳೆಯ ಮೇಲಿನ ನಂಬರನ್ನಷ್ಟೇ ನೋಡಿ, ಮಡಚಿ, ಫೈಲಿಗೆ ಸೇರಿಸಿ ಹೊರಟುಹೋದ. ಬೇಕರಿಗೆ ಕರೆಯಲಿಲ್ಲ. ಕೇಳಬೇಕಿದ್ದ ಮಾತು ಕೇಳಲಿಲ್ಲ. ದೂರದ ಮಾರುಕಟ್ಟೆಗಳ ತಪಾಸಣೆಯಿದೆ, ಬರುವುದು ತಡ ಎಂದು ಎರಡು ಸಾಲಿನ ಸಂದೇಶ ಕಳಿಸಿದ.

ಅವಳು ಆ ಎರಡು ಸಾಲನ್ನು ಎಷ್ಟು ಸಲ ಓದಿದಳೋ! ಚೀಟಿ ಓದಿದ ಮೇಲೆ ಕೊಟ್ಟ ಉತ್ತರ ಇದು ಎಂದೇ ಅವಳು ತಿಳಿದಳು.

* * *

ಮೂರು ತಿಂಗಳು ದೊಡ್ಡ ಅವಧಿಯಲ್ಲ. ಆದರೆ ದಿನವೂ ಫೋನ್ ನೋಡುವವರಿಗೆ ಅದು ದೊಡ್ಡದೇ.

ಅವಳ ಅಮ್ಮ ಗಣಿತದ ಟೀಚರಾಗಿ ನಿವೃತ್ತರಾದವರು. ಮಗಳು ಉಂಡು ಮುಗಿಸದೆ ಎದ್ದರೆ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಲೆಕ್ಕ ಹೇಳುವವರು. ಒಂದು ಭಾನುವಾರ ಬಟ್ಟೆ ಮಡಚುತ್ತ, ಮುಖ ಎತ್ತದೆ, ಆ ತಕ್ಕಡಿಯವರ ವಿಷಯ ಏನಾಯಿತು ಎಂದು ಕೇಳಿದರು. ಏನೂ ಆಗಲಿಲ್ಲ ಎಂದಳು ಮಗಳು.

"ಅವರಿಗಿರೋದು ಜೀನಿನ ಕಾಯಿಲೆ ಅಂತೀಯಲ್ಲ. ಅಪ್ಪ ಅಮ್ಮನಿಂದ ಬಂದದ್ದಾ? ಮಕ್ಕಳಿಗೂ ಹೋಗುತ್ತಾ?"

"ಇಲ್ಲಮ್ಮ. ಅದು ಹುಟ್ಟಿನಿಂದ ಬಂದದ್ದಲ್ಲ. ದೊಡ್ಡವರಾದ ಮೇಲೆ ರಕ್ತ ಹುಟ್ಟೋ ಕಡೆ ಒಂದು ಕೋಶದಲ್ಲಿ ಆದ ತಪ್ಪು. ಅಲ್ಲೇ ಇರುತ್ತೆ. ಮಕ್ಕಳಿಗೆ ಹೋಗಲ್ಲ."

"ಮಾತ್ರೆ ಎಷ್ಟು ದಿನ?"

"ದಿನಾ. ಬಹುಶಃ ಯಾವಾಗಲೂ."

ಅಮ್ಮ ಒಂದು ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿದರು.

"ನಾನೂ ಇಪ್ಪತ್ತು ವರ್ಷದಿಂದ ಸಕ್ಕರೆಗೆ ಮಾತ್ರೆ ನುಂಗ್ತಾ ಇದ್ದೀನಿ. ನಿಮ್ಮಪ್ಪ ಕಲ್ಲುಗುಂಡಿನ ಹಾಗಿದ್ದರು, ಒಂದು ನೆಗಡಿ ಮಾತ್ರೆ ತಿಂದವರಲ್ಲ. ಮೊದಲು ಹೋದವರು ಯಾರು?" ಎಂದರು. ಮತ್ತೆ ಸ್ವಲ್ಪ ತಡೆದು, "ಕಾಯಿಲೆಗೆ ನಾನು ಹೆದರಲ್ಲ ಕಣೆ. ಮಾತು ನುಂಗುವವರಿಗೆ ಹೆದರ್ತೀನಿ. ನೀವಿಬ್ಬರೂ ಅದೇ ಜಾತಿ ಅನ್ನಿಸುತ್ತೆ," ಎಂದರು.

ಅವಳು ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ನುಂಗಲಿಲ್ಲ, ಬರೆದುಕೊಟ್ಟೆ ಎಂದು ಅಮ್ಮನಿಗೆ ಹೇಗೆ ಹೇಳುವುದು?

* * *

ಹದಿನೆಂಟನೇ ತಿಂಗಳು ಅವನ ಟ್ಯೂಬು ಬರಲಿಲ್ಲ. ತಾರೀಖು ದಾಟಿ ಎರಡು ವಾರವಾಯಿತು. ಬದಲಿಗೆ ಒಂದು ಕಾಗದ ಬಂತು.

ಅವನ ಡಾಕ್ಟರು ಬರೆದದ್ದು. ರೋಗಿಯ ನಂಬರು ಏರಿದೆ, ಮಾತ್ರೆಗೆ ಬಗ್ಗದಂತೆ ಆ ಜೀನ್ ರೂಪ ಬದಲಿಸಿಕೊಂಡಿದೆಯೇ ಎಂದು ನೋಡುವ ಪರೀಕ್ಷೆ ಮಾಡಬೇಕು, ರೋಗಿ ನಾಳೆ ರಕ್ತ ಕೊಡಲು ಬರುತ್ತಾರೆ. ಜೊತೆಗೆ ಬೇರೆ ಊರಿನ ಒಂದು ಲ್ಯಾಬಿನ ವರದಿಯ ನಕಲು.

0.31.

ಅವಳು ಕುರ್ಚಿಯಲ್ಲಿ ಕುಳಿತೇಬಿಟ್ಟಳು. 0.07 ಇದ್ದದ್ದು 0.31. ನಾಲ್ಕು ಪಟ್ಟಿಗಿಂತ ಹೆಚ್ಚು. ಮಾತ್ರೆಯ ಕೈ ಜಾರುತ್ತಿದೆಯೇ? ಅವನು ತಿನ್ನುವುದು ಬಿಟ್ಟನೇ? ನನ್ನ ಕೈಗೆ ಸಿಗಬಾರದು ಎಂದೇ ಬೇರೆ ಊರಿಗೆ ಹೋದನೇ?

ಸ್ವಲ್ಪ ಹೊತ್ತಿನ ಮೇಲೆ ಹೆಣ್ಣಿನ ಕಣ್ಣು ಒರೆಸಿಕೊಂಡು ತಂತ್ರಜ್ಞೆಯ ಕಣ್ಣಿನಿಂದ ಅದೇ ಹಾಳೆಯನ್ನು ಮತ್ತೆ ಓದಿದಳು. ಮೇಲಿನಿಂದ ಕೆಳಗೆ. ನಂಬರಿದೆ, ಸಹಿಯಿದೆ, ತಾರೀಖಿದೆ. ಇರಬೇಕಾದ ಒಂದು ಸಾಲು ಇಲ್ಲ.

ಕಾಗದ ಹಿಡಿದು ಹಿರಿಯರ ಬಳಿ ಓಡಿದಳು.

ಒಂದೊಂದು ಲ್ಯಾಬಿನ ಯಂತ್ರ, ರಾಸಾಯನಿಕ ಬೇರೆ ಬೇರೆ. ಒಂದೇ ರಕ್ತಕ್ಕೆ ಒಬ್ಬರಲ್ಲಿ ಒಂದು ಬಂದರೆ ಇನ್ನೊಬ್ಬರಲ್ಲಿ ಮೂರೋ ನಾಲ್ಕೋ ಬರಬಹುದು. ಅದಕ್ಕೆ ಎಲ್ಲ ದೇಶದವರೂ ಒಪ್ಪಿದ ಒಂದು ಸಾಮಾನ್ಯ ಅಳತೆ ಇದೆ. ಪ್ರತಿ ಲ್ಯಾಬೂ ತನ್ನ ಯಂತ್ರ ಎಷ್ಟು ವಾಲುತ್ತದೆ ಎಂದು ಕಂಡುಕೊಂಡು, ಬಂದ ನಂಬರನ್ನು ಆ ಅಳತೆಗೆ ಪರಿವರ್ತಿಸಿ ಕೊಡಬೇಕು. ಪರಿವರ್ತಿಸಿದ್ದೇವೆ ಎಂದು ಬರೆಯಬೇಕು. ಇವರ ಲ್ಯಾಬಿನ ಪ್ರತಿ ವರದಿಯ ಎರಡನೇ ಹಾಳೆಯಲ್ಲಿ ಆ ಸಾಲು ಇರುತ್ತದೆ. ಈ ವರದಿಗೆ ಎರಡನೇ ಹಾಳೆಯೇ ಇರಲಿಲ್ಲ.

"ಪರಿವರ್ತಿಸದ ನಂಬರು," ಎಂದರು ಹಿರಿಯರು. "ಏರಿರಲೂಬಹುದು, ಏರದೇ ಇರಲೂಬಹುದು. ಈ ಕಾಗದದಿಂದ ಗೊತ್ತಾಗಲ್ಲ. ರೂಪ ಬದಲಾದದ್ದನ್ನು ಹುಡುಕೋ ಮುಂಚೆ ನಮ್ಮ ಯಂತ್ರದಲ್ಲಿ ಮತ್ತೊಮ್ಮೆ ಎಣಿಸೋಣ. ಡಾಕ್ಟರಿಗೆ ನಾನು ಫೋನ್ ಮಾಡ್ತೀನಿ."

ಆಮೇಲೆ ಅವಳ ಮುಖ ನೋಡಿ ನಿಧಾನವಾಗಿ ಹೇಳಿದರು, "ತಕ್ಕಡಿ ನೋಡುವವರಿಗೇ ಇದು ಹೊಳೆಯಲಿಲ್ಲವಲ್ಲ! ದೀಪದ ಬುಡದಲ್ಲೇ ಕತ್ತಲೆ."

* * *

ಮರುದಿನ ಅವನು ಬಂದಾಗ ಕಿಟಕಿಯಲ್ಲಿ ಅವಳಿರಲಿಲ್ಲ. ಅವನು ಹಾಗೇ ಎಣಿಸಿದ್ದ. ಆದರೆ ರಕ್ತ ತೆಗೆಯುವ ಕುರ್ಚಿಯ ತೋಳಿನ ಮೇಲೆ, ಟವೆಲ್ಲಿನ ಮಡಿಕೆಯೊಳಗೆ, ಬಿಸಿ ನೀರು ತುಂಬಿದ ಒಂದು ಗ್ಲೌಸ್ ಕಾದಿತ್ತು.

ಅವನು ಅದನ್ನು ಬಹಳ ಹೊತ್ತು ಹಿಡಿದುಕೊಂಡು ಕುಳಿತ. ದೂರ ಸರಿದವರು ನೀರು ಬಿಸಿ ಮಾಡಿಡುತ್ತಾರೆಯೇ?

ರಕ್ತ ಕೊಟ್ಟಾದ ಮೇಲೆ ಹಿರಿಯರು ಅವನನ್ನು ಒಳಗೆ ಕರೆದರು. ಮಾತ್ರೆ ತಪ್ಪಿಸಿದ್ದೀರಾ ಎಂದು ಕೇಳಿದರು. ಒಂದು ದಿನವೂ ಇಲ್ಲ ಎಂದ. ಇನ್ನೊಂದು ಊರಿನ ಲ್ಯಾಬಿಗೆ ಯಾಕೆ ಹೋದಿರಿ ಎಂದಾಗ ಅಲ್ಲಿ ತಪಾಸಣೆಯಿತ್ತು, ಹತ್ತಿರವಾಯಿತು ಎಂದು ನೆಲ ನೋಡಿದ. ಹಿರಿಯರು 0.31ರ ವರದಿ ಮುಂದಿಟ್ಟರು.

"ಸಾಹೇಬರೇ, ಒಂದು ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದನ್ನ ಇನ್ನೊಂದು ಅಂಗಡಿಯ ತೂಕದ ಜೊತೆ ಹೋಲಿಸ್ತೀರಾ?"

"ಇಲ್ಲ. ಎರಡಕ್ಕೂ ನಮ್ಮ ಕಲ್ಲು ಇಟ್ಟು ನೋಡದೆ..." ಅವನು ಅಲ್ಲೇ ನಿಂತ. ಕಾಗದವನ್ನು ಕೈಗೆ ತೆಗೆದುಕೊಂಡ. "ಇದಕ್ಕೆ ಮುದ್ರೆ ಇಲ್ಲ."

"ಇಲ್ಲ. ನಮ್ಮದಕ್ಕೆ ಇದೆ. ನಿಮ್ಮ ಫೈಲಿನಲ್ಲೇ ಇದೆ, ಎರಡನೇ ಹಾಳೆ. ನೀವು ತೂಕದ ಕಲ್ಲು ಸಿಕ್ಕಿದರೆ ಮೊದಲು ಮಗುಚಿ ತಳದ ಮುದ್ರೆ ನೋಡ್ತೀರಂತೆ. ನಿಮ್ಮ ವರದಿ ಮಗುಚಿ ನೋಡಿದ್ದೀರಾ?"

ಅವನು ಚೀಲದಿಂದ ಫೈಲು ತೆಗೆದ. ಹದಿನೈದನೇ ತಿಂಗಳ ವರದಿ ಮೇಲೇ ಇತ್ತು. ಮೂರು ತಿಂಗಳು ಆ ತೂಕದ ಕಲ್ಲುಗಳ ಪಕ್ಕದಲ್ಲೇ ಊರೂರು ಸುತ್ತಿತ್ತು. ಮೊದಲ ಹಾಳೆಯನ್ನು ತಿರುವಿದ. ಸಾಮಾನ್ಯ ಅಳತೆಗೆ ಪರಿವರ್ತಿಸಲಾಗಿದೆ ಎಂಬ ಸಾಲು ಇತ್ತು. ಅದರ ಕೆಳಗೆ ಒಂದು ಚೀಟಿ ಅಂಟಿಸಿತ್ತು.

ಅವನು ಓದುತ್ತಿರುವಾಗ ಹಿರಿಯರಿಗೆ ಯಾಕೋ ಫ್ರಿಜ್ಜಿನ ಉಷ್ಣಾಂಶ ನೋಡಬೇಕೆನಿಸಿತು. ಎದ್ದು ಆಚೆ ಹೋದರು.

'ಈ ಸ್ಯಾಂಪಲ್ಲನ್ನು ನಾನು ಪರೀಕ್ಷಿಸುತ್ತಿಲ್ಲ. ಕಾರಣ: ರೋಗಿ ನನ್ನವರು. ಸಂಬಂಧ: ಇತರೆ. ನಾನು ಮದುವೆಯಾಗಬೇಕೆಂದಿರುವವರು.'

ಕೆಳಗೆ ಅವಳ ಸಹಿ, ತಾರೀಖು. ಅವನು ಗಾಜಿನ ಹೊರಗೆ ನಿಂತು ಎದೆ ಒಡೆದುಕೊಂಡ ದಿನದ ತಾರೀಖು. ಹಾಗಾದರೆ ಅವಳು ಅವತ್ತು ಕೈ ತೊಳೆದುಕೊಂಡದ್ದು ಇದನ್ನು ಬರೆಯುವುದಕ್ಕೆ...

* * *

ಅವನು ಅವತ್ತೇ ಅವಳನ್ನು ಹುಡುಕಿದ. ರಾಸಾಯನಿಕದ ಕೋಣೆಯ ಬಾಗಿಲಲ್ಲಿ ಸಿಕ್ಕಳು. ಗಾಜಿನ ಬಳಿ ನಿಂತು ಕಂಡದ್ದು, ತಿಳಿದುಕೊಂಡದ್ದು ಎಲ್ಲವನ್ನೂ ಹೇಳಿದ. ಅವಳು ತಾನು ತಿಳಿದುಕೊಂಡದ್ದನ್ನು ಹೇಳಿದಳು. ಹೇಳಿ ಮುಗಿದ ಮೇಲೆ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೆಯಾಯಿತು. ಮೂರು ತಿಂಗಳು ಹಾಳಾದದ್ದು ಒಂದು ಹಾಳೆ ಮಗುಚದೆ.

ಆದರೆ ಅವನು ಕೇಳಬೇಕಾದ್ದನ್ನು ಕೇಳಲಿಲ್ಲ. ನಂಬರು ಬರಲಿ ಎಂದ. ನಿಜವಾಗಿ ಏರಿದ್ದರೆ ಬೇರೆ ಮಾತ್ರೆ, ಬೇರೆ ತೊಂದರೆ, ಯಾವುದಕ್ಕೂ ಭರವಸೆ ಇಲ್ಲ. ತೂಕ ಗೊತ್ತಿಲ್ಲದ ಮೂಟೆಯನ್ನು ಅವಳ ತಲೆಗೆ ಹೊರಿಸಲಾರೆ ಎಂದ.

"ಆ ಚೀಟಿಯಲ್ಲಿ ನಂಬರ್ ಬರೆಯೋ ಜಾಗ ಇಲ್ಲ. ನೋಡಿದ್ರಲ್ಲ?" ಎಂದಳು ಅವಳು. ಅಷ್ಟು ಹೇಳಿ ಕೆಲಸಕ್ಕೆ ಹೋದಳು.

ನಾಲ್ಕು ದಿನ. ಹಿರಿಯರು ತಾವೇ ಕೂತು ಎಣಿಸಿದರು. ಅವಳು ಆ ಮೇಜಿನ ಕಡೆ ಹೋಗಲಿಲ್ಲ, ಕೇಳಲಿಲ್ಲ. ನಾಲ್ಕನೇ ದಿನ ಅವರು ಲಕೋಟೆ ಮುಚ್ಚಿ ಕಿಟಕಿಗೆ ಕಳಿಸಿದರು. ಅವರ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ ಅದು.

ಊಟದ ಬಿಡುವಿನಲ್ಲಿ ಅವಳು ಹೊರಗೆ ಬಂದಾಗ ಅವನು ಬೆಂಚಿನ ಮೇಲೆ ಕುಳಿತಿದ್ದ. ಮಡಿಲಲ್ಲಿ ಲಕೋಟೆ. ತೆರೆದಿರಲಿಲ್ಲ. ಅವಳು ಪಕ್ಕದಲ್ಲಿ ಕುಳಿತಳು. ಬೆಂಚು ಓಲಾಡಲಿಲ್ಲ.

"ಇಲ್ಲೇ ಕೂತು ಯೋಚನೆ ಮಾಡಿದೆ," ಎಂದ. "ಇದನ್ನ ಒಡೆದು ನೋಡಿ, ಒಳ್ಳೇದಿದೆ ಅಂತ ಕೇಳಿದರೆ, ನಾಳೆ ಕೆಟ್ಟದ್ದು ಬಂದಾಗ ಮಾತು ವಾಪಸ್ ತಗೋಬೇಕಾಗುತ್ತೆ. ಇದು ಮೂರು ತಿಂಗಳಿಗೊಮ್ಮೆ ಬರ್ತಾನೇ ಇರುತ್ತೆ."

"ಹೌದು. ಬರ್ತಾನೇ ಇರುತ್ತೆ."

"ನೀವು ಬರೆದುಕೊಟ್ಟ ಚೀಟಿ ಇವತ್ತು ಹಿಡ್ಕೊಂಡು ಬಂದಿದ್ದೀನಿ. ಮೂರು ತಿಂಗಳು ತಡ. ಹಳೇದಾಯ್ತು ಅಂತ ವಾಪಸ್ ಕಳಿಸ್ತೀರಾ, ಗಡಿಯಾರದವರೇ?"

ಅವಳ ತುಟಿಯ ಅಂಚಿನಲ್ಲಿ ನಗು ಬಂದು ನಿಂತಿತು. ಕಣ್ಣು ಮಾತ್ರ ತುಂಬಿತ್ತು.

"ಹಳೆಯದು ನಡೆಯಲ್ಲ," ಎಂದಳು. "ಹೊಸದಾಗಿ ಕೇಳಿ."

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ."

ಪಕ್ಕದಲ್ಲಿ ಕುಳಿತಿದ್ದ ಒಬ್ಬ ಅಜ್ಜಿ, ಅದುವರೆಗೂ ಇವರ ಕಡೆಗೇ ಕಿವಿಯಿಟ್ಟಿದ್ದವರು, ಈಗ ಎದುರಿನ ಗೋಡೆಯ ಫಲಕವನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಅವನು ಲಕೋಟೆ ಒಡೆದ. ಮೊದಲು ಎರಡನೇ ಹಾಳೆಯನ್ನು ತೆಗೆದು, ಮೇಲಿನಿಂದ ಕೆಳಗೆ, ಒಂದು ಅಕ್ಷರ ಬಿಡದೆ ಓದಿದ. ಪರಿವರ್ತನೆಯ ಸಾಲು ಇತ್ತು. ಆಮೇಲೆ ಮೊದಲ ಹಾಳೆಯನ್ನು ಅವಳ ಕೈಗೆ ಕೊಟ್ಟ.

0.08.

ಅವಳು ಉಸಿರು ಬಿಟ್ಟಳು. ಅದು ಸೊನ್ನೆಯಾಗಿರಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಮಾತ್ರೆಯ ಕೈ ತನ್ನ ಜಾಗದಲ್ಲೇ ಇತ್ತು. ಹಾಳೆಯನ್ನು ಮಡಚಿ ವಾಪಸ್ ಕೊಡುವಾಗ ಅವನ ಬೆರಳು ಅವಳ ಬೆರಳನ್ನು ಹಿಡಿಯಿತು. ಈ ಸಲ ಅವಳ ಕೈಯಲ್ಲಿ ಗ್ಲೌಸ್ ಇರಲಿಲ್ಲ.

"ಈ ಸಲದ ಚೀಟಿಯಲ್ಲೂ ಅದನ್ನೇ ಬರೆದಿದ್ದೀರಿ," ಎಂದ ಅವನು, ಎರಡನೇ ಹಾಳೆ ತೋರಿಸುತ್ತ. "ಒಂದಕ್ಷರ ಬದಲಾಗಿಲ್ಲ."

"ಬದಲಾಗಿರಲಿಲ್ಲ, ಅದಕ್ಕೆ."

"ಮುಂದಿನ ಸಲವೂ ಇಷ್ಟುದ್ದ ಬರೀಬೇಕಾ?"

ಅವಳು ಗೋಡೆಯ ಗಡಿಯಾರ ನೋಡಿದಳು. ಬಿಡುವು ಮುಗಿಯಲು ಇನ್ನೂ ಹತ್ತು ನಿಮಿಷ ಇತ್ತು. ಕೈ ಬಿಡಿಸಿಕೊಳ್ಳಲಿಲ್ಲ.

"ಬೇಡ," ಎಂದಳು. "ಮೂರು ತಿಂಗಳಿದೆಯಲ್ಲ. ಅಷ್ಟರೊಳಗೆ ಮದುವೆ ಮುಗಿಸಿಕೊಂಡರೆ ಮುಂದಿನ ಸಲ ಮೂರನೇ ಚೌಕಕ್ಕೆ ಒಂದು ಗುರುತು ಹಾಕಿದರೆ ಸಾಕು."